ಆಟಿಕೆ ಎಕ್ಸ್‌ಕವೇಟರ್ ಮತ್ತು ಲೋಡರ್‌ಗಳಿಗೆ ರಿಮೋಟ್ ಕಂಟ್ರೋಲ್ ಅಳವಡಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಿಂದ ದೂಡಿ ಆಡುವ ನಿರ್ಮಾಣ ಯಂತ್ರದ ಆಟಿಕೆಗೆ ಮೋಟಾರು, ಆಕ್ಚುಯೇಟರ್ (ಚಾಚಿ, ಮಡಿದು ತೋಳನ್ನು ನಡೆಸುವ ಸಾಧನ) ಮತ್ತು ರೇಡಿಯೊ ರಿಸೀವರ್ ಜೋಡಿಸಿ ದೂರದಿಂದ ನಡೆಸಲು ಹೊರಟವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬಹುತೇಕರು ಯಾವ ರಿಮೋಟ್ ಕೊಳ್ಳಬೇಕು ಎಂಬಲ್ಲಿಂದ ಯೋಚನೆ ಆರಂಭಿಸುತ್ತಾರೆ. ಆದರೆ ಯಂತ್ರ ಚೆನ್ನಾಗಿ ನಡೆಯುತ್ತದೆಯೋ ಇಲ್ಲವೋ ಎಂಬುದು ಅದರ ಕೀಲುಗಳಲ್ಲಿ, ಪಿನ್ನುಗಳಲ್ಲಿ ಮತ್ತು ಸಿಲಿಂಡರಿನ ಅಳತೆಗಳಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಯಾಂತ್ರಿಕ ಭಾಗಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಮೊದಲು ಇರಿಸಿ, ವಿದ್ಯುತ್ ಮತ್ತು ರೇಡಿಯೊ ವಿಷಯಗಳನ್ನು ಆಮೇಲೆ ತೆಗೆದುಕೊಳ್ಳಲಾಗಿದೆ.

ಯಾವ ಬಗೆಯ ಆಟಿಕೆ ಈ ಮಾರ್ಪಾಡಿಗೆ ಒಗ್ಗುತ್ತದೆ?

1:16 (ನಿಜವಾದ ಯಂತ್ರದ ಹದಿನಾರನೇ ಒಂದು ಭಾಗ) ಅಥವಾ ಅದಕ್ಕಿಂತ ದೊಡ್ಡ ಅಳತೆಯ, ಗಟ್ಟಿ ಪ್ಲಾಸ್ಟಿಕ್‌ನಿಂದ ಮಾಡಿದ, ಬಿಡಿಭಾಗಗಳಾಗಿ ಕಳಚಬಹುದಾದ ಆಟಿಕೆಯೇ ಸೂಕ್ತ. ಜರ್ಮನಿಯ ಬ್ರೂಡರ್ ಕಂಪನಿಯ 1:16 ಅಳತೆಯ ಯಂತ್ರಗಳನ್ನು ಈ ಹವ್ಯಾಸದವರು ಹೆಚ್ಚಾಗಿ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಅವು ಎಬಿಎಸ್ ಪ್ಲಾಸ್ಟಿಕ್‌ನವು. ಎಬಿಎಸ್ ಅನ್ನು ಗರಗಸದಿಂದ ಕೊಯ್ಯಬಹುದು, ಬಿರಿಯದಂತೆ ರಂಧ್ರ ಕೊರೆಯಬಹುದು, ಅಂಟಿನಿಂದ ಭದ್ರವಾಗಿ ಬೆಸೆಯಬಹುದು. ಬೂಮ್ (ಬುಡದ ದೊಡ್ಡ ತೋಳು) ಮತ್ತು ಬಕೆಟ್‌ಗಳ ಕೀಲುಗಳು ನಿಜವಾದ ಯಂತ್ರದಲ್ಲಿ ಇರುವ ಕಡೆಯಲ್ಲೇ ಇರುವುದರಿಂದ ಹೊಸ ಕೀಲುಗಳನ್ನು ಹುಟ್ಟಿಸುವ ಗೋಜೂ ಇರುವುದಿಲ್ಲ.

ಮೆತ್ತಗೆ ಬಾಗುವ, ಜಿಡ್ಡು ಹಚ್ಚಿದಂತೆ ಕೈಗೆ ನುಣುಪಾಗಿ ತಾಗುವ ಪ್ಲಾಸ್ಟಿಕ್ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಆಗಿರುವ ಸಾಧ್ಯತೆ ಹೆಚ್ಚು. ಇವುಗಳ ಮೇಲೆ ಸಾಮಾನ್ಯ ಅಂಟುಗಳು ಯಾವುವೂ ನಿಲ್ಲುವುದಿಲ್ಲ. ಪ್ರತಿಯೊಂದು ಜೋಡಣೆಯನ್ನೂ ಸ್ಕ್ರೂ ಮತ್ತು ನಟ್ಟಿನಿಂದಲೇ ಮಾಡಬೇಕಾಗುತ್ತದೆ. 1:24ಕ್ಕಿಂತ ಚಿಕ್ಕದಾದ ಆಟಿಕೆಗಳಲ್ಲಿ ಸಿಲಿಂಡರಿನ ಜಾಗದಲ್ಲಿ ಮೋಟಾರು ಕೂರುವುದೇ ಕಷ್ಟ.

ಮೊದಲ ಪ್ರಯತ್ನಕ್ಕೆ ಎಕ್ಸ್‌ಕವೇಟರ್ ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು, ಆದರೆ ವೀಲ್ ಲೋಡರ್ ಅಥವಾ ಬುಲ್ಡೋಜರ್ ಉತ್ತಮ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬುಲ್ಡೋಜರಿಗೆ ಎರಡು ಟ್ರ್ಯಾಕ್ ಮತ್ತು ಒಂದು ಬ್ಲೇಡ್ ಸೇರಿ ಮೂರು ಚಲನೆಗಳು ಸಾಕು. ವೀಲ್ ಲೋಡರಿಗೆ ಮುಂದೆ–ಹಿಂದೆ ಓಡುವುದು, ತಿರುಗುವುದು, ತೋಳು ಎತ್ತುವುದು, ಬಕೆಟ್ ಮಗುಚುವುದು ಎಂದು ನಾಲ್ಕು ಚಲನೆಗಳಿವೆ. ಎಕ್ಸ್‌ಕವೇಟರಿಗೆ ಬೂಮ್, ಮುಂದೋಳು, ಬಕೆಟ್, ಮೇಲ್ಭಾಗದ ತಿರುಗುವಿಕೆ ಮತ್ತು ಎರಡು ಟ್ರ್ಯಾಕ್‌ಗಳೆಂದು ಆರು ಚಲನೆಗಳು ಬೇಕು. ಜೊತೆಗೆ ತಿರುಗುವ ಮೇಲ್ಭಾಗದಿಂದ ಕೆಳಭಾಗಕ್ಕೆ ವೈರು ದಾಟಿಸುವ ಸಮಸ್ಯೆಯೂ ಸೇರಿಕೊಳ್ಳುತ್ತದೆ. ಮುಂದೆ ದೊಡ್ಡ ಬಕೆಟ್, ಹಿಂದೆ ತೋಡುವ ತೋಳು ಇರುವ ಬ್ಯಾಕ್‌ಹೋ ಲೋಡರಿನಲ್ಲಿ ಚಲನೆಗಳ ಸಂಖ್ಯೆ ಇನ್ನೂ ಹೆಚ್ಚು. ಅದನ್ನು ಎರಡನೆಯ ಅಥವಾ ಮೂರನೆಯ ಯಂತ್ರವಾಗಿ ಇಟ್ಟುಕೊಳ್ಳುವುದು ಲೇಸು.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಕೀಲುಗಳಿಂದ. ಮಕ್ಕಳು ಎತ್ತಿದ ತೋಳು ಕೈಬಿಟ್ಟಾಗ ಹಾಗೆಯೇ ನಿಲ್ಲಲಿ ಎಂದು ಆಟಿಕೆಯ ಕೀಲುಗಳನ್ನು ಬೇಕೆಂದೇ ಬಿಗಿಯಾಗಿ ಮಾಡಿರುತ್ತಾರೆ. ಕೆಲವು ಮಾದರಿಗಳಲ್ಲಿ ಟಕ್ ಟಕ್ ಎಂದು ಒಂದೊಂದು ಹಂತಕ್ಕೆ ನಿಲ್ಲುವ ಹಲ್ಲುಗಳೂ ಇರುತ್ತವೆ. ಆ ಬಿಗಿಯನ್ನು ಹಾಗೆಯೇ ಉಳಿಸಿದರೆ ಮೋಟಾರಿನ ಶಕ್ತಿಯ ಬಹುಪಾಲು ಘರ್ಷಣೆಯನ್ನು ಗೆಲ್ಲುವುದರಲ್ಲೇ ಕಳೆದುಹೋಗುತ್ತದೆ, ಚಲನೆಯೂ ಎಳೆದಾಡಿದಂತೆ ಕಾಣುತ್ತದೆ.

ಮೊದಲು ಎಲ್ಲ ಪ್ಲಾಸ್ಟಿಕ್ ಪಿನ್ನುಗಳನ್ನು ತೆಗೆದು, ಹಲ್ಲುಗಳಿದ್ದರೆ ಅವನ್ನು ಕೆರೆದು ನುಣುಪು ಮಾಡಿ, ರಂಧ್ರಗಳನ್ನು ಸರಿಯಾದ ಅಳತೆಗೆ ಕೊರೆದು, 3 ಅಥವಾ 4 ಮಿ.ಮೀ. ವ್ಯಾಸದ ಉಕ್ಕಿನ ಕಡ್ಡಿಯನ್ನು ಪಿನ್ನಾಗಿ ಹಾಕಬೇಕು. ರಂಧ್ರದೊಳಗೆ ತೆಳುವಾದ ಹಿತ್ತಾಳೆ ಕೊಳವೆಯ ತುಂಡನ್ನು ಅಂಟಿಸಿ ಅದರೊಳಗೆ ಉಕ್ಕಿನ ಪಿನ್ನು ತಿರುಗುವಂತೆ ಮಾಡಿದರೆ ಕೀಲು ಬಹುಕಾಲ ಬಾಳುತ್ತದೆ. ಕೆಲಸ ಮುಗಿದ ಮೇಲೆ ತೋಳನ್ನು ಎತ್ತಿ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು, ಆದರೆ ಪಕ್ಕಕ್ಕೆ ಅಲುಗಾಡಬಾರದು. ಈ ಎರಡು ಲಕ್ಷಣಗಳು ಬರುವವರೆಗೆ ಮೋಟಾರಿನ ವಿಚಾರಕ್ಕೆ ಹೋಗಬಾರದು. ಇಲ್ಲಿ ವ್ಯಯಿಸಿದ ಸಮಯದ ಲಾಭ ಮುಂದಿನ ಪ್ರತಿ ಹಂತದಲ್ಲೂ ಕಾಣುತ್ತದೆ.

ಆಕ್ಚುಯೇಟರ್ ಒಳಗೆ ಏನಿರುತ್ತದೆ? ಅದನ್ನು ಮನೆಯಲ್ಲಿಯೇ ಮಾಡಬಹುದೇ?

ನಿಜವಾದ ಯಂತ್ರದಲ್ಲಿ ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವ ಸಿಲಿಂಡರ್ ಮಾಡುವ ಕೆಲಸವನ್ನು ಇಲ್ಲಿ ಒಂದು ಸ್ಕ್ರೂ ಮತ್ತು ನಟ್ ಮಾಡುತ್ತವೆ. ಗೇರ್ ಇರುವ ಚಿಕ್ಕ ಡಿಸಿ ಮೋಟಾರು ಉದ್ದನೆಯ ಸ್ಕ್ರೂವನ್ನು ತಿರುಗಿಸುತ್ತದೆ. ನಟ್ ತಾನು ತಿರುಗದಂತೆ ತಡೆದಿರುವುದರಿಂದ ಸ್ಕ್ರೂವಿನ ಉದ್ದಕ್ಕೂ ಮುಂದೆ ಅಥವಾ ಹಿಂದೆ ಸರಿಯುತ್ತದೆ. ಆ ನಟ್ಟಿಗೆ ಜೋಡಿಸಿದ ಕೊಳವೆಯೇ ಸಿಲಿಂಡರಿನ ಕಂಬಿಯಂತೆ ಹೊರಗೆ ಚಾಚುತ್ತದೆ. ಮೋಟಾರಿಗೆ ಹೋಗುವ ಧನ ಮತ್ತು ಋಣ ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ.

ಖಂಡಿತವಾಗಿ ಮಾಡಬಹುದು. ಎನ್20 ಎಂದು ಕರೆಯುವ, 12 ಮಿ.ಮೀ. ಅಗಲ ಮತ್ತು 10 ಮಿ.ಮೀ. ದಪ್ಪದ ಗೇರ್ ಮೋಟಾರು 1:16 ಅಳತೆಗೆ ಚೆನ್ನಾಗಿ ಹೊಂದುತ್ತದೆ. ಕೆಲವು ಎನ್20 ಮೋಟಾರುಗಳ ಶಾಫ್ಟೇ ಉದ್ದನೆಯ ಎಂ4 ಸ್ಕ್ರೂ ರೂಪದಲ್ಲಿ ಬರುತ್ತದೆ. ಎಂ4 ಸಾಮಾನ್ಯ ಸ್ಕ್ರೂವಿನ ಎಳೆಗಳ ನಡುವಿನ ಅಂತರ 0.7 ಮಿ.ಮೀ., ಎಂ3ರಲ್ಲಿ 0.5 ಮಿ.ಮೀ. ಹಿತ್ತಾಳೆಯ ನಟ್ ಬಳಸಿ ಸ್ವಲ್ಪ ಗ್ರೀಸ್ ಹಚ್ಚಿದರೆ ಉಕ್ಕಿನ ಮೇಲೆ ಉಕ್ಕು ಉಜ್ಜುವ ಸವೆತ ತಪ್ಪುತ್ತದೆ. ಎಳೆಗಳ ಅಂತರ ಇಷ್ಟು ಕಡಿಮೆ ಇರುವ ಸ್ಕ್ರೂವಿನ ಇನ್ನೊಂದು ಗುಣವೆಂದರೆ, ವಿದ್ಯುತ್ ನಿಂತಾಗ ಎತ್ತಿದ ತೋಳು ಹಿಂದಕ್ಕೆ ಜಾರುವುದಿಲ್ಲ. 3ಡಿ ಪ್ರಿಂಟರುಗಳಲ್ಲಿ ಬಳಸುವ, ಒಂದು ಸುತ್ತಿಗೆ 8 ಮಿ.ಮೀ. ಸಾಗುವ ಸ್ಕ್ರೂವನ್ನು ಹಾಕಿದರೆ ಈ ಗುಣ ಇಲ್ಲವಾಗುತ್ತದೆ. ಭಾರ ಬಿದ್ದಾಗ ನಟ್ ಸ್ಕ್ರೂವನ್ನೇ ಹಿಂದಕ್ಕೆ ತಿರುಗಿಸಿಬಿಡುತ್ತದೆ.

ಆಕ್ಚುಯೇಟರಿನ ಉದ್ದವನ್ನು ಹೇಗೆ ನಿರ್ಧರಿಸುವುದು?

ತೋಳನ್ನು ಪೂರ್ತಿ ಮಡಿಸಿ ಸಿಲಿಂಡರಿನ ಎರಡು ಪಿನ್ನುಗಳ ನಡುವಿನ ಅಂತರವನ್ನು ಅಳೆಯಬೇಕು. ಆಮೇಲೆ ಪೂರ್ತಿ ಚಾಚಿ ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವೇ ಆಕ್ಚುಯೇಟರ್ ಸಾಗಬೇಕಾದ ದೂರ. ಉದಾಹರಣೆಗೆ ಮಡಿಸಿದಾಗ 95 ಮಿ.ಮೀ., ಚಾಚಿದಾಗ 140 ಮಿ.ಮೀ. ಇದ್ದರೆ ಸಾಗುವ ದೂರ 45 ಮಿ.ಮೀ. ಪ್ಲಾಸ್ಟಿಕ್ ತಡೆಗಳಿಗೆ ಬಡಿಯದಿರಲೆಂದು ಎರಡೂ ತುದಿಗಳಲ್ಲಿ 2 ಮಿ.ಮೀ. ಬಿಟ್ಟರೆ 41 ಮಿ.ಮೀ. ಉಳಿಯುತ್ತದೆ.

ತೊಡಕು ಬರುವುದು ಮಡಿಸಿದ ಸ್ಥಿತಿಯ ಉದ್ದದಲ್ಲಿ. ಬಿಟ್ಟ ಅಂಚನ್ನು ಸೇರಿಸಿದರೆ ಮಡಿಸಿದ ಉದ್ದ 97 ಮಿ.ಮೀ.; ಅದರಲ್ಲಿ ಸಾಗುವ ದೂರ 41 ಹೋದರೆ 56 ಮಿ.ಮೀ. ಮಾತ್ರ ಉಳಿಯಿತು. ಮೋಟಾರು ಮತ್ತು ಗೇರ್ ಪೆಟ್ಟಿಗೆಗೆ ಸುಮಾರು 25, ಶಾಫ್ಟಿಗೂ ಸ್ಕ್ರೂವಿಗೂ ನಡುವಿನ ಜೋಡಣೆಗೆ 10, ನಟ್ಟಿಗೆ 6, ಎರಡು ತುದಿಯಲ್ಲಿ ಪಿನ್ನು ತೂರುವ ಕಣ್ಣುಗಳಿಗೆ 12 ಎಂದು ಕೂಡಿದರೆ 53 ಆಗುತ್ತದೆ. ಇಲ್ಲಿ ಹೇಗೋ ಹೊಂದಿತು. ಬಕೆಟ್ಟಿನ ಚಿಕ್ಕ ಸಿಲಿಂಡರಿನಲ್ಲಿ ಬಹಳ ಸಲ ಹೊಂದುವುದಿಲ್ಲ. ಆಗ ಮೋಟಾರನ್ನು ಸ್ಕ್ರೂವಿನ ನೇರಕ್ಕೆ ಇಡದೆ, ಪಕ್ಕದಲ್ಲಿ ಸಮಾನಾಂತರವಾಗಿ ಇರಿಸಿ ಎರಡು ಚಿಕ್ಕ ಹಲ್ಲುಚಕ್ರಗಳಿಂದ ಸ್ಕ್ರೂವನ್ನು ತಿರುಗಿಸಬೇಕು. ಬೂಮ್ ಒಳಗಡೆ ಟೊಳ್ಳಾಗಿದ್ದರೆ ಮೋಟಾರನ್ನು ಅದರೊಳಗೆ ಅಡಗಿಸುವುದೂ ಸಾಧ್ಯ.

ಆಕ್ಚುಯೇಟರಿನ ಎರಡೂ ತುದಿಗಳು ಪಿನ್ನಿನ ಸುತ್ತ ಸಲೀಸಾಗಿ ಓಲಾಡುವಂತಿರಬೇಕು. ಒಂದು ತುದಿಯನ್ನು ಬಿಗಿದು ಕೂರಿಸಿದರೆ ತೋಳು ಏರಿದಂತೆ ಸ್ಕ್ರೂ ಬಾಗುತ್ತದೆ, ನಟ್ ಸಿಕ್ಕಿಕೊಳ್ಳುತ್ತದೆ.

ಎಷ್ಟು ಬಲದ ಆಕ್ಚುಯೇಟರ್ ಬೇಕು?

ಲೆಕ್ಕ ಕಠಿಣವಲ್ಲ, ಮತ್ತು ಅದನ್ನು ಒಮ್ಮೆಯಾದರೂ ಮಾಡಿನೋಡುವುದು ಅಗತ್ಯ. ಬೂಮಿನ ಬುಡದ ಕೀಲಿನಿಂದ 30 ಸೆಂ.ಮೀ. ದೂರದಲ್ಲಿರುವ ಬಕೆಟ್ಟಿನಲ್ಲಿ 300 ಗ್ರಾಂ ಮರಳಿದೆ, 250 ಗ್ರಾಂ ತೂಗುವ ತೋಳಿನ ಭಾರ 15 ಸೆಂ.ಮೀ. ದೂರದಲ್ಲಿ ಕೇಂದ್ರೀಕೃತವಾಗಿದೆ ಎಂದುಕೊಳ್ಳೋಣ. ಮರಳಿನ ಪಾಲು 0.3 × 30 = 9, ತೋಳಿನ ಪಾಲು 0.25 × 15 = 3.75, ಒಟ್ಟು 12.75 ಕೆ.ಜಿ.–ಸೆಂ.ಮೀ. ಆಕ್ಚುಯೇಟರ್ ಬೂಮನ್ನು ತಳ್ಳುವ ರೇಖೆ ಕೀಲಿನಿಂದ ಲಂಬವಾಗಿ ಕೇವಲ 3 ಸೆಂ.ಮೀ. ದೂರದಲ್ಲಿದ್ದರೆ, ಬೇಕಾದ ಬಲ 12.75 ÷ 3, ಅಂದರೆ ಸುಮಾರು 4.25 ಕೆ.ಜಿ. ಅಥವಾ 42 ನ್ಯೂಟನ್. ಅರ್ಧ ಕಿಲೋ ಎತ್ತಲು ನಾಲ್ಕು ಕಿಲೋಗೂ ಮೀರಿದ ಬಲ ಬೇಕಾಗುವುದು ಈ ಲಿವರ್ ಅನುಪಾತದಿಂದ.

ಆಕ್ಚುಯೇಟರ್ ಕೊಡುವ ಬಲವನ್ನು ತಿಳಿಯಲು ಮೋಟಾರಿನ ಟಾರ್ಕನ್ನು (ತಿರುಗಿಸುವ ಬಲವನ್ನು) 6.28ರಿಂದಲೂ ಸ್ಕ್ರೂವಿನ ದಕ್ಷತೆಯಿಂದಲೂ ಗುಣಿಸಿ, ಮೀಟರಿನಲ್ಲಿ ಹೇಳಿದ ಎಳೆಗಳ ಅಂತರದಿಂದ ಭಾಗಿಸಬೇಕು. ಸಾಮಾನ್ಯ ಎಂ4 ಸ್ಕ್ರೂವಿನ ದಕ್ಷತೆಯನ್ನು ಕಾಲುಭಾಗ, ಅಂದರೆ 0.25 ಎಂದು ಹಿಡಿದು, ಮೋಟಾರು ಆರಾಮವಾಗಿ ಕೊಡುವ ಟಾರ್ಕ್ 0.02 ನ್ಯೂಟನ್–ಮೀಟರ್ ಎಂದುಕೊಂಡರೆ ಸುಮಾರು 45 ನ್ಯೂಟನ್ ಬಲ ಸಿಗುತ್ತದೆ. ನಮ್ಮ ಅಗತ್ಯಕ್ಕೆ ಅದು ಸರಿಹೋಯಿತು.

ಆದರೆ ಮೋಟಾರು ಪೂರ್ತಿ ಸಿಕ್ಕಿಕೊಂಡಾಗ ಅದರ ಟಾರ್ಕ್ ಇದರ ನಾಲ್ಕು ಪಟ್ಟಾದರೂ ಏರಬಹುದು. ಆಗ ಆಕ್ಚುಯೇಟರ್ ತಳ್ಳುವ ಬಲ 180 ನ್ಯೂಟನ್, ಅಂದರೆ 18 ಕೆ.ಜಿ. ಭಾರಕ್ಕೆ ಸಮ. ಪಿನ್ನು ಹಿಡಿದಿರುವ ಎಬಿಎಸ್‌ನ ತೆಳು ಕಿವಿಗಳನ್ನು ಕಿತ್ತುಹಾಕಲು ಅಷ್ಟು ಬಲ ಧಾರಾಳವಾಗಿ ಸಾಕು. ಇಂತಹ ಯಂತ್ರಗಳಲ್ಲಿ ಮೋಟಾರು ದುರ್ಬಲವೆಂಬ ದೂರಿಗಿಂತ, ಪ್ಲಾಸ್ಟಿಕ್ ಕಿತ್ತುಬಂತೆಂಬ ದೂರು ಹೆಚ್ಚಾಗಿ ಬರುವುದು ಇದೇ ಕಾರಣಕ್ಕೆ. ಆದುದರಿಂದ ಬೇಕಾದ ಬಲಕ್ಕಿಂತ ಬಹಳ ಹೆಚ್ಚಿನದನ್ನು ಆರಿಸಬಾರದು, ಪಿನ್ನು ಕೂರುವ ಜಾಗಕ್ಕೆ ಅಲ್ಯೂಮಿನಿಯಂ ತಗಡಿನ ಆಸರೆ ಕೊಡಬೇಕು, ಮತ್ತು ಕೆಳಗೆ ವಿವರಿಸಿದ ಲಿಮಿಟ್ ಸ್ವಿಚ್ಚುಗಳನ್ನು ಬಿಡಲೇಬಾರದು.

ಚಲನೆಯ ವೇಗ ಎಷ್ಟಿರಬೇಕು?

ಒಂದು ನಿಮಿಷದ ಸುತ್ತುಗಳನ್ನು ಎಳೆಗಳ ಅಂತರದಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮಿ.ಮೀ. ಎಂಬುದು ಸಿಗುತ್ತದೆ. 200 ಸುತ್ತಿನ ಮೋಟಾರು ಎಂ4 ಸ್ಕ್ರೂವನ್ನು ತಿರುಗಿಸಿದರೆ ಸೆಕೆಂಡಿಗೆ 2.3 ಮಿ.ಮೀ. ಮಾತ್ರ; 41 ಮಿ.ಮೀ. ಸಾಗಲು ಸುಮಾರು 18 ಸೆಕೆಂಡು ಬೇಕು, ಆಡುವವರ ತಾಳ್ಮೆ ಕೆಡುತ್ತದೆ. 500 ಸುತ್ತಿನ ಮೋಟಾರು 7 ಸೆಕೆಂಡಿನಲ್ಲಿ ಮುಗಿಸುತ್ತದೆ. ಬೂಮಿಗೆ 5ರಿಂದ 7 ಸೆಕೆಂಡು, ಬಕೆಟ್ಟಿಗೆ 3ರಿಂದ 4 ಸೆಕೆಂಡು ಇದ್ದರೆ ನಿಜವಾದ ಯಂತ್ರದ ಗಾಂಭೀರ್ಯ ಉಳಿಯುತ್ತದೆ, ಕೆಲಸವೂ ಸಾಗುತ್ತದೆ.

ಆಕ್ಚುಯೇಟರ್ ಬದಲು ಸರ್ವೊ ಮೋಟಾರು (ಸಂಕೇತ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ಹಾಕಿದರೆ ಆಗದೇ?

ಕೆಲವು ಕಡೆ ಆಗುತ್ತದೆ. ಡಂಪರಿನ ಹಿಂಬಾಗಿಲು, ಚಕ್ರಗಳ ಸ್ಟೀರಿಂಗ್ ಮುಂತಾದ ಹಗುರ ಕೆಲಸಗಳಿಗೆ ಸರ್ವೊ ಸರಳ ಪರಿಹಾರ. ಆದರೆ ಭಾರ ಹೊತ್ತ ಬೂಮನ್ನು ಎತ್ತಿ ಹಿಡಿಯುವಾಗ ಸರ್ವೊ ನಿರಂತರವಾಗಿ ವಿದ್ಯುತ್ ಸೆಳೆಯುತ್ತಾ, ಗುಂಯ್‌ಗುಡುತ್ತಾ, ಬಿಸಿಯಾಗುತ್ತಾ ಇರುತ್ತದೆ. ಜಾಯ್‌ಸ್ಟಿಕ್ ಕೈಬಿಟ್ಟರೆ ಸರ್ವೊ ನಡುವಿನ ಸ್ಥಾನಕ್ಕೆ ಮರಳುತ್ತದೆ. ನಿಜವಾದ ಎಕ್ಸ್‌ಕವೇಟರಿನಲ್ಲಾದರೋ ಜಾಯ್‌ಸ್ಟಿಕ್ ಬಿಟ್ಟರೆ ತೋಳು ಇದ್ದಲ್ಲೇ ನಿಲ್ಲುತ್ತದೆ. ಈ ವರ್ತನೆಯನ್ನು ಸ್ಕ್ರೂ ಆಕ್ಚುಯೇಟರ್ ಯಾವ ಹೆಚ್ಚಿನ ಏರ್ಪಾಡೂ ಇಲ್ಲದೆ ಕೊಡುತ್ತದೆ.

ಬೂಮಿನ ಎರಡೂ ಬದಿಯಲ್ಲಿ ಸಿಲಿಂಡರ್ ಇದೆ. ಎರಡಕ್ಕೂ ಮೋಟಾರು ಹಾಕಬೇಕೇ?

ಬೇಡ. ಒಂದೇ ಬಗೆಯ ಎರಡು ಮೋಟಾರುಗಳೂ ನಿಖರವಾಗಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಬದಿ ಮುಂದೆ ಹೋಗಿ ಇನ್ನೊಂದು ಹಿಂದುಳಿದಾಗ ಬೂಮ್ ತಿರುಚಿಕೊಳ್ಳುತ್ತದೆ, ಪಿನ್ನುಗಳು ಓರೆಯಾಗಿ ಸಿಕ್ಕಿಕೊಳ್ಳುತ್ತವೆ. ಒಂದು ಬದಿಯಲ್ಲಿ ನಿಜವಾದ ಆಕ್ಚುಯೇಟರ್, ಇನ್ನೊಂದು ಬದಿಯಲ್ಲಿ ಸುಮ್ಮನೆ ಜಾರುವ ಟೊಳ್ಳು ಸಿಲಿಂಡರ್ ಇಟ್ಟರೆ ನೋಟಕ್ಕೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಬಲವೆಲ್ಲ ಒಂದೇ ಬದಿಗೆ ಬೀಳುವುದರಿಂದ ಬುಡದ ಪಿನ್ನು ಉದ್ದವಾಗಿ, ಅಲುಗಾಟವಿಲ್ಲದೆ ಇರಬೇಕು. ಎರಡೂ ಬದಿ ತಳ್ಳಲೇಬೇಕೆಂದರೆ ಒಂದೇ ಮೋಟಾರಿನಿಂದ ಹಲ್ಲುಚಕ್ರಗಳ ಮೂಲಕ ಎರಡು ಸ್ಕ್ರೂಗಳನ್ನು ತಿರುಗಿಸುವುದೇ ಸರಿಯಾದ ದಾರಿ.

ಲಿಮಿಟ್ ಸ್ವಿಚ್ ಏಕೆ, ಮತ್ತು ಅದನ್ನು ಹೇಗೆ ಜೋಡಿಸುವುದು?

ಆಕ್ಚುಯೇಟರ್ ತುದಿ ಮುಟ್ಟಿದರೂ ಜಾಯ್‌ಸ್ಟಿಕ್ ಒತ್ತಿಹಿಡಿದವರಿಗೆ ಅದು ತಿಳಿಯುವುದಿಲ್ಲ. ಆಗ ಮೋಟಾರು ಸಿಕ್ಕಿಕೊಂಡು ಬಿಸಿಯಾಗುತ್ತದೆ, ನಟ್ ಬಿಗಿದು ಕಚ್ಚಿಕೊಳ್ಳುತ್ತದೆ, ಇಲ್ಲವೇ ಪ್ಲಾಸ್ಟಿಕ್ ಮುರಿಯುತ್ತದೆ. ಪ್ರತಿ ತುದಿಯಲ್ಲೂ ಒಂದು ಚಿಕ್ಕ ಮೈಕ್ರೊ ಸ್ವಿಚ್ ಇಟ್ಟರೆ ಈ ತೊಂದರೆ ಇರುವುದಿಲ್ಲ.

ಒತ್ತದಿದ್ದಾಗ ವಿದ್ಯುತ್ ಹರಿಯುವ, ಒತ್ತಿದಾಗ ಕಡಿದುಹೋಗುವ ಸಂಪರ್ಕಗಳನ್ನು ಬಳಸಿ ಎರಡೂ ಸ್ವಿಚ್ಚುಗಳನ್ನು ಮೋಟಾರಿನ ತಂತಿಯಲ್ಲಿ ಸರಣಿಯಾಗಿ ಸೇರಿಸಬೇಕು. ಪ್ರತಿ ಸ್ವಿಚ್ಚಿಗೆ ಅಡ್ಡಲಾಗಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಒಂದೊಂದು ಡಯೋಡ್ ಹಾಕಬೇಕು. ಎರಡು ಡಯೋಡ್‌ಗಳ ದಿಕ್ಕುಗಳು ಪರಸ್ಪರ ವಿರುದ್ಧವಾಗಿರಬೇಕು. ಆಕ್ಚುಯೇಟರ್ ತುದಿಗೆ ಬಂದು ಸ್ವಿಚ್ ತೆರೆದುಕೊಂಡಾಗ ಆ ದಿಕ್ಕಿನ ವಿದ್ಯುತ್ತನ್ನು ಡಯೋಡ್ ತಡೆಯುತ್ತದೆ, ಮೋಟಾರು ನಿಲ್ಲುತ್ತದೆ. ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆದರೆ ವಿದ್ಯುತ್ತಿನ ದಿಕ್ಕು ಬದಲಾಗಿ ಅದೇ ಡಯೋಡಿನ ಮೂಲಕ ಹರಿಯುತ್ತದೆ, ಆಕ್ಚುಯೇಟರ್ ತುದಿಯಿಂದ ಹಿಂದೆ ಬರುತ್ತದೆ; ಸ್ವಿಚ್ ಮತ್ತೆ ಮುಚ್ಚಿಕೊಂಡ ಕೂಡಲೇ ಡಯೋಡಿನ ಕೆಲಸ ಮುಗಿಯುತ್ತದೆ. ಡಯೋಡ್ ತಿರುವುಮುರುವಾದರೆ ಆಕ್ಚುಯೇಟರ್ ತುದಿಯಲ್ಲಿ ನಿಲ್ಲದೆ ಒತ್ತುತ್ತಲೇ ಇರುತ್ತದೆ. ಆದುದರಿಂದ ಯಂತ್ರಕ್ಕೆ ಜೋಡಿಸುವ ಮುಂಚೆ ಮೇಜಿನ ಮೇಲಿಟ್ಟು, ಸ್ವಿಚ್ಚುಗಳನ್ನು ಕೈಯಿಂದ ಒತ್ತಿ ಪರೀಕ್ಷಿಸಬೇಕು. 1ಎನ್5819 ಶಾಟ್ಕಿ ಡಯೋಡ್ 1 ಆಂಪಿಯರ್ ಮಿತಿಯದು; ದೊಡ್ಡ ಮೋಟಾರಿಗೆ 3 ಆಂಪಿಯರಿನ 1ಎನ್5822 ಹಾಕಬಹುದು.

ಟ್ರ್ಯಾಕ್ ಮತ್ತು ಚಕ್ರಗಳನ್ನು ಓಡಿಸುವುದು ಹೇಗೆ?

ಆಟಿಕೆಯ ಟ್ರ್ಯಾಕ್ ಒಳಗಿನ ಚಕ್ರಕ್ಕೆ ಸಾಮಾನ್ಯವಾಗಿ ಎಳೆಯುವ ಹಲ್ಲುಗಳಿರುವುದಿಲ್ಲ; ಟ್ರ್ಯಾಕಿನ ಒಳಮೈಗೆ ಹೊಂದುವ ಹಲ್ಲುಚಕ್ರವನ್ನು ಮುದ್ರಿಸಿಯೋ ಕೊಯ್ದೋ ಹಾಕಬೇಕು. ಟ್ರ್ಯಾಕಿನ ಬಿಗುವನ್ನು ಸರಿಹೊಂದಿಸಲು ಮುಂದಿನ ಚಕ್ರ ಸ್ವಲ್ಪ ಹಿಂದೆಮುಂದೆ ಸರಿಯುವಂತಿರಲಿ. ಅಗಲ ಕಡಿಮೆ ಇರುವುದರಿಂದ, ಶಾಫ್ಟ್ 90 ಡಿಗ್ರಿಗೆ ಹೊರಬರುವ ವರ್ಮ್ ಗೇರ್ ಮೋಟಾರು ಅನುಕೂಲ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಯಂತ್ರ ಜಾರದಂತೆಯೂ ಅದು ಹಿಡಿದಿಡುತ್ತದೆ.

ವೇಗವನ್ನು ಅಳತೆಗೆ ತಕ್ಕಂತೆ ಇಳಿಸಬೇಕು. ಗಂಟೆಗೆ 5.5 ಕಿ.ಮೀ. ಚಲಿಸುವ ಎಕ್ಸ್‌ಕವೇಟರನ್ನು 1:16ಕ್ಕೆ ಇಳಿಸಿದರೆ ಸೆಕೆಂಡಿಗೆ ಸುಮಾರು 9.5 ಸೆಂ.ಮೀ. ಆಗುತ್ತದೆ. 40 ಮಿ.ಮೀ. ವ್ಯಾಸದ ಹಲ್ಲುಚಕ್ರಕ್ಕೆ ಅದು ನಿಮಿಷಕ್ಕೆ ಸುಮಾರು 45 ಸುತ್ತು. ಲೋಡರಿನ 90 ಮಿ.ಮೀ. ಚಕ್ರಗಳಿಗೆ 60ರಿಂದ 100 ಸುತ್ತಿನ ಮೋಟಾರು ಕೆಲಸದ ವೇಗಕ್ಕೆ ಸರಿಯಾಗುತ್ತದೆ.

ವೀಲ್ ಲೋಡರ್ ನಡುವೆ ಮಡಿಯುವ ಮೂಲಕ ತಿರುಗುತ್ತದೆ. ಅಲ್ಲಿಯ ಲಂಬ ಪಿನ್ನಿನ ಪಕ್ಕದಲ್ಲಿ ಒಂದು ಚಿಕ್ಕ ಆಕ್ಚುಯೇಟರ್ ಅಥವಾ ಲೋಹದ ಗೇರಿನ ಸರ್ವೊ ಇಡಬಹುದು.

ಎಕ್ಸ್‌ಕವೇಟರ್ ಸುತ್ತು ತಿರುಗುವಾಗ ವೈರುಗಳು ಹೆಣೆದುಕೊಳ್ಳುವುದಿಲ್ಲವೇ?

ಹೆಣೆದುಕೊಳ್ಳುತ್ತವೆ. ಬ್ಯಾಟರಿ, ರಿಸೀವರ್, ಕಂಟ್ರೋಲರುಗಳನ್ನೆಲ್ಲ ಮೇಲ್ಭಾಗದಲ್ಲೇ ಇರಿಸಿದರೆ ಕೆಳಗೆ ಹೋಗಬೇಕಾದವು ಎರಡು ಟ್ರ್ಯಾಕ್ ಮೋಟಾರುಗಳ ನಾಲ್ಕು ತಂತಿಗಳು ಮಾತ್ರ. ಆ ನಾಲ್ಕನ್ನು ತಿರುಗುವ ಕೇಂದ್ರದಲ್ಲಿ ಸ್ಲಿಪ್ ರಿಂಗ್ (ತಿರುಗುತ್ತಲೇ ವಿದ್ಯುತ್ ಸಂಪರ್ಕ ಉಳಿಸುವ ಉಂಗುರ) ಮೂಲಕ ದಾಟಿಸಿದರೆ ಯಂತ್ರ ಒಂದೇ ದಿಕ್ಕಿಗೆ ಎಷ್ಟು ಸುತ್ತು ಬೇಕಾದರೂ ತಿರುಗಬಹುದು. ಪ್ರತಿ ತಂತಿಗೆ ಎಷ್ಟು ಆಂಪಿಯರ್ ಎಂಬುದನ್ನು ನೋಡಿಕೊಂಡೇ ಸ್ಲಿಪ್ ರಿಂಗ್ ಆರಿಸಬೇಕು. ಟ್ರ್ಯಾಕ್ ಮೋಟಾರು ಸಿಕ್ಕಿಕೊಂಡಾಗಿನ ವಿದ್ಯುತ್ತನ್ನು ಅದು ತಡೆದುಕೊಳ್ಳಬೇಕು. ಸ್ಲಿಪ್ ರಿಂಗ್ ಇಲ್ಲದಿದ್ದರೆ ತಿರುಗುವಿಕೆಯನ್ನು ಒಂದು ಸುತ್ತಿಗಿಂತ ಕಡಿಮೆಗೆ ತಡೆದು, ಮೆದುವಾದ ಸಿಲಿಕೋನ್ ವೈರನ್ನು ಸಡಿಲವಾಗಿ ಬಿಡಬೇಕು.

ಯಾವ ರಿಮೋಟ್ ತೆಗೆದುಕೊಳ್ಳಬೇಕು?

ಲೋಡರ್ ಮತ್ತು ಬುಲ್ಡೋಜರಿಗೆ ಆರು ಚಾನೆಲ್‌ಗಳ (ಒಂದೊಂದು ಚಲನೆಗೆ ಒಂದೊಂದು ಪ್ರತ್ಯೇಕ ಸಂಕೇತ) 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಸಾಕು. ಎಕ್ಸ್‌ಕವೇಟರಿಗೆ ಆರು ಚಲನೆಗಳೂ ವೇಗ ಬದಲಿಸಬಲ್ಲ ಚಾನೆಲ್‌ಗಳಾಗಬೇಕು, ಆದರೆ ಎರಡು ಜಾಯ್‌ಸ್ಟಿಕ್ಕುಗಳಿಂದ ಸಿಗುವುದು ನಾಲ್ಕೇ. ಒಂದು ಸ್ವಿಚ್ ಮೇಲಿದ್ದಾಗ ಜಾಯ್‌ಸ್ಟಿಕ್ಕುಗಳು ತೋಳನ್ನು, ಕೆಳಗಿದ್ದಾಗ ಟ್ರ್ಯಾಕುಗಳನ್ನು ನಡೆಸುವಂತೆ ಮಾಡುವುದು ಇದಕ್ಕೆ ಬಳಕೆಯಲ್ಲಿರುವ ಪರಿಹಾರ. ಎಡ್ಜ್‌ಟಿಎಕ್ಸ್ ತಂತ್ರಾಂಶ ಇರುವ ಟ್ರಾನ್ಸ್‌ಮಿಟರುಗಳಲ್ಲಿ ಇದನ್ನು ಯಾವ ಜಾಯ್‌ಸ್ಟಿಕ್ ಯಾವ ಚಾನೆಲ್ ನಡೆಸಬೇಕೆಂದು ತಿಳಿಸುವ ಮಿಕ್ಸಿಂಗ್ ಪುಟದಲ್ಲೇ ಹೊಂದಿಸಬಹುದು.

ವಿಮಾನಗಳಿಗೆಂದು ಮಾಡಿದ ಟ್ರಾನ್ಸ್‌ಮಿಟರಿನಲ್ಲಿ ಒಂದು ಜಾಯ್‌ಸ್ಟಿಕ್ ಮೇಲೆ–ಕೆಳಗೆ ಚಲನೆಯಲ್ಲಿ ನಡುವಿಗೆ ಮರಳುವುದಿಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ನಿರ್ಮಾಣ ಯಂತ್ರಕ್ಕೆ ಅದು ಅಪಾಯಕಾರಿ. ಆ ಕಡೆಗೂ ಸ್ಪ್ರಿಂಗ್ ಹಾಕಿಸಿಕೊಳ್ಳಬೇಕು. ಸಂಕೇತ ಕಡಿದುಹೋದರೆ ಎಲ್ಲ ಚಾನೆಲ್‌ಗಳೂ ನಡುಸ್ಥಾನಕ್ಕೆ ಬರುವಂತೆ ಫೇಲ್‌ಸೇಫ್ ಹೊಂದಿಸಿ, ಟ್ರ್ಯಾಕುಗಳನ್ನು ನೆಲದಿಂದ ಎತ್ತಿ ಹಿಡಿದು ಟ್ರಾನ್ಸ್‌ಮಿಟರ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸುವುದನ್ನು ಮರೆಯಬಾರದು.

ಜಾಯ್‌ಸ್ಟಿಕ್ಕುಗಳಿಗೆ ನಿಜವಾದ ಎಕ್ಸ್‌ಕವೇಟರಿನ ಐಎಸ್ಒ (ಅಂತರರಾಷ್ಟ್ರೀಯ ಪ್ರಮಾಣಿತ) ಕ್ರಮವನ್ನೇ ಕೊಡುವುದು ಒಳ್ಳೆಯದು: ಎಡಗೈಯಲ್ಲಿ ಪಕ್ಕಕ್ಕೆ ಸರಿಸಿದರೆ ಮೇಲ್ಭಾಗ ತಿರುಗುತ್ತದೆ, ಮುಂದಕ್ಕೆ ದೂಡಿದರೆ ಮುಂದೋಳು ಚಾಚುತ್ತದೆ, ಬಲಗೈಯಲ್ಲಿ ಹಿಂದಕ್ಕೆ ಎಳೆದರೆ ಬೂಮ್ ಏರುತ್ತದೆ, ಎಡಕ್ಕೆ ಸರಿಸಿದರೆ ಬಕೆಟ್ ಒಳಕ್ಕೆ ಮಡಿಯುತ್ತದೆ.

ರಿಸೀವರಿಗೂ ಮೋಟಾರಿಗೂ ನಡುವೆ ಏನು ಬೇಕು?

ರಿಸೀವರ್ ಕೊಡುವುದು ಕೇವಲ ಸಂಕೇತ: ಸುಮಾರು 1000ದಿಂದ 2000 ಮೈಕ್ರೊಸೆಕೆಂಡ್ ಅಗಲದ ಮಿಡಿತ, 1500 ಎಂದರೆ ನಿಲ್ಲು. ಅದನ್ನು ಓದಿ ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸಲು ಪ್ರತಿ ಮೋಟಾರಿಗೂ ಚಿಕ್ಕ ಬ್ರಷ್ಡ್ ಇಎಸ್‌ಸಿ (ಬ್ರಷ್ ಇರುವ ಮೋಟಾರಿನ ವೇಗ ನಿಯಂತ್ರಕ) ಬೇಕು. ಮುಂದೆ ಮತ್ತು ಹಿಂದೆ ಎರಡೂ ಇರುವ, ದಿಕ್ಕು ಬದಲಿಸುವಾಗ ಬ್ರೇಕ್ ಹಾಕಿ ತಡಮಾಡದ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಬೇಕು. ಪ್ರೋಗ್ರಾಂ ಬರೆಯಲು ಬರುವವರು ಒಂದು ಆರ್ಡುಯಿನೊ ಅಥವಾ ಇಎಸ್‌ಪಿ32 ಬೋರ್ಡಿನಿಂದ ಹಲವು ಎಚ್–ಬ್ರಿಡ್ಜ್‌ಗಳನ್ನು (ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸುವ ಸರ್ಕ್ಯೂಟುಗಳನ್ನು) ನಡೆಸಬಹುದು. ಡಿಆರ್‌ವಿ8833 ಚಿಪ್ 2.7ರಿಂದ 10.8 ವೋಲ್ಟ್‌ನಲ್ಲಿ ಎರಡು ಚಿಕ್ಕ ಮೋಟಾರುಗಳನ್ನು ನಡೆಸುತ್ತದೆ. ಹಳೆಯ ಎಲ್298ಎನ್ ಬೋರ್ಡ್ ಎರಡು ವೋಲ್ಟ್‌ನಷ್ಟನ್ನು ತಾನೇ ನುಂಗಿ ಬಿಸಿಯಾಗುವುದರಿಂದ ಇಂತಹ ಬ್ಯಾಟರಿ ಯಂತ್ರಗಳಿಗೆ ಅದು ತಕ್ಕದ್ದಲ್ಲ.

ಪ್ರೋಗ್ರಾಂ ಬರೆಯುವುದರಿಂದ ಸಿಗುವ ದೊಡ್ಡ ಲಾಭವೆಂದರೆ ವೇಗವನ್ನು ಒಮ್ಮೆಲೇ ಏರಿಸದೆ, ಕಾಲು ಸೆಕೆಂಡಿನಷ್ಟು ಹೊತ್ತಿನಲ್ಲಿ ಮೆಲ್ಲನೆ ಏರಿಸಬಹುದು. ಅಷ್ಟರಿಂದಲೇ ಯಂತ್ರ ಭಾರವಾದದ್ದೆಂಬ ಭಾವನೆ ಮೂಡುತ್ತದೆ, ಗೇರುಗಳ ಆಯುಷ್ಯವೂ ಹೆಚ್ಚುತ್ತದೆ.

ಬ್ಯಾಟರಿ ಯಾವುದು?

ಎರಡು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ಹೆಸರಿನ ವೋಲ್ಟೇಜ್ 7.4, ಪೂರ್ತಿ ತುಂಬಿದಾಗ 8.4. ಮೋಟಾರುಗಳು 6 ವೋಲ್ಟಿನವಾದರೆ ಕಂಟ್ರೋಲರಿನಲ್ಲಿ ಗರಿಷ್ಠ ಮಿತಿಯನ್ನು ಶೇಕಡಾ 70ಕ್ಕೆ ಇಳಿಸಬೇಕು. 1500 ಮಿಲಿಆಂಪಿಯರ್–ಗಂಟೆಯ ಬ್ಯಾಟರಿಯ ಶೇಕಡಾ 80ನ್ನು ಬಳಸಿ, ಸರಾಸರಿ 0.8 ಆಂಪಿಯರ್ ಸೆಳೆದರೆ ಒಂದೂವರೆ ಗಂಟೆ ಆಟ ಸಿಗುತ್ತದೆ. ಕೋಶವೊಂದಕ್ಕೆ 3.3 ವೋಲ್ಟ್‌ಗಿಂತ ಕೆಳಗೆ ಇಳಿಸಬಾರದು. ಬಹುದಿನ ಎತ್ತಿಡುವಾಗ 3.8 ವೋಲ್ಟ್‌ನಲ್ಲಿ ಇಡಬೇಕು. ಎಲ್ಲ ಕೋಶಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲಿ, ಬೆಂಕಿ ಹಿಡಿಯದ ಮೇಲ್ಮೈ ಮೇಲೆ, ಕಣ್ಣೆದುರಿನಲ್ಲೇ ಚಾರ್ಜ್ ಮಾಡಬೇಕು. ಬ್ಯಾಟರಿಯ ಧನ ತಂತಿಯಲ್ಲಿ, ಬ್ಯಾಟರಿಗೆ ಹತ್ತಿರದಲ್ಲೇ, ಫ್ಯೂಸ್ ಇರಲಿ. ಇಷ್ಟು ಎಚ್ಚರಿಕೆ ಸಾಧ್ಯವಿಲ್ಲದ ಕಡೆ ಆರು ಕೋಶಗಳ 7.2 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ತುಸು ಭಾರವಾದರೂ ಹೆಚ್ಚು ಸಹನಶೀಲ.

ಒಂದು ಮೋಟಾರು ನಡೆಸಿದರೆ ಇನ್ನೊಂದು ತಾನಾಗಿ ನಡುಗುತ್ತದೆ. ಏಕೆ?

ಮೋಟಾರಿನ ಬ್ರಷ್ಷುಗಳಲ್ಲಿ ಹುಟ್ಟುವ ಕಿಡಿಗಳ ವಿದ್ಯುತ್ ಗದ್ದಲ ಸಂಕೇತದ ತಂತಿಗಳಿಗೆ ಸೇರುತ್ತಿರಬಹುದು. ಪ್ರತಿ ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ, ಮೋಟಾರಿನ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು, ರಿಸೀವರಿನ ಆಂಟೆನಾವನ್ನು ಅವುಗಳಿಂದ ದೂರ ಇಡಬೇಕು. ಎಲ್ಲವೂ ಒಂದು ಕ್ಷಣ ಸತ್ತು ಮತ್ತೆ ಜೀವ ಪಡೆಯುತ್ತಿದ್ದರೆ ಅದು ಬೇರೆ ತೊಂದರೆ: ಮೋಟಾರು ಹೊರಡುವಾಗ ವೋಲ್ಟೇಜ್ ಕುಸಿದು ರಿಸೀವರ್ ಮರುಆರಂಭವಾಗುತ್ತಿದೆ. ರಿಸೀವರಿಗೆ ಪ್ರತ್ಯೇಕ 5 ವೋಲ್ಟ್ ರೆಗ್ಯುಲೇಟರ್ ಮತ್ತು 470 ಅಥವಾ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೊಟ್ಟರೆ ನಿಲ್ಲುತ್ತದೆ.

ಬಕೆಟ್ ತುಂಬಿದಾಗ ಯಂತ್ರ ಮುಂದಕ್ಕೆ ವಾಲುತ್ತದೆ. ಪರಿಹಾರವೇನು?

ತೂಕ ಸೇರಿಸಬೇಕು. ಉದ್ದ, ಅಗಲ, ಎತ್ತರ ಮೂರೂ 16 ಪಟ್ಟು ಚಿಕ್ಕದಾದಾಗ ಗಾತ್ರ 4096 ಪಟ್ಟು ಚಿಕ್ಕದಾಗುತ್ತದೆ. ಆ ಲೆಕ್ಕದಲ್ಲಿ 20 ಟನ್ ಎಕ್ಸ್‌ಕವೇಟರಿನ ಮಾದರಿ 4.9 ಕೆ.ಜಿ. ತೂಗಬೇಕು. ಟೊಳ್ಳು ಪ್ಲಾಸ್ಟಿಕ್ ಆಟಿಕೆ ಅದರ ಹತ್ತಿರಕ್ಕೂ ಬರುವುದಿಲ್ಲ. ಬ್ಯಾಟರಿಯನ್ನು ಆದಷ್ಟು ಹಿಂದಕ್ಕೆ ಇರಿಸಿ, ಹಿಂಭಾಗದ ಟೊಳ್ಳಿನಲ್ಲಿ ಉಕ್ಕಿನ ಗುಂಡುಗಳನ್ನು ಎಪಾಕ್ಸಿಯೊಂದಿಗೆ ತುಂಬಿದರೆ ಸಮತೋಲನ ಬರುತ್ತದೆ. ಸೀಸ ವಿಷಕಾರಿ ಲೋಹವಾದ್ದರಿಂದ, ಮಕ್ಕಳ ಕೈಗೆ ಸಿಗುವ ವಸ್ತುವಿನಲ್ಲಿ ಅದನ್ನು ಬಳಸಲೇಬಾರದು.

3ಡಿ ಪ್ರಿಂಟರ್ ಇಲ್ಲದೆ ಈ ಕೆಲಸ ಸಾಧ್ಯವೇ?

ಸಾಧ್ಯ. ಹಿತ್ತಾಳೆ ಕೊಳವೆ, ಅಲ್ಯೂಮಿನಿಯಂ ತಗಡು, ಎಬಿಎಸ್ ಹಾಳೆಗಳಿಂದ ಎಲ್ಲವನ್ನೂ ಕೈಯಿಂದ ಮಾಡಬಹುದು. ಪ್ರಿಂಟರ್ ಇದ್ದರೆ ಮೋಟಾರಿನ ಹಿಡಿಗಳಿಗೆ ಪಿಇಟಿಜಿ ಎಂಬ ಪ್ಲಾಸ್ಟಿಕ್ ಬಳಸುವುದು ಮೇಲು. ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವುದರಿಂದ ಬಿಸಿಯಾದ ಮೋಟಾರಿನ ಪಕ್ಕದಲ್ಲೂ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ ಆಕಾರ ಕಳೆದುಕೊಳ್ಳುತ್ತದೆ.

ಮುಗಿದ ಯಂತ್ರವನ್ನು ಚಿಕ್ಕ ಮಕ್ಕಳಿಗೆ ಕೊಡಬಹುದೇ?

ಮೂಲ ಆಟಿಕೆಗೆ ಇದ್ದ ಸುರಕ್ಷತಾ ಪರೀಕ್ಷೆ ಈ ಮಾರ್ಪಾಡಿನ ನಂತರ ಅನ್ವಯಿಸುವುದಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಡಬೇಕು. ಹತ್ತಾರು ಕಿಲೋ ಬಲದಿಂದ ಮುಚ್ಚಿಕೊಳ್ಳುವ ಕೀಲಿನ ನಡುವೆ ಬೆರಳು ಸಿಕ್ಕಿದರೆ ಗಾಯವಾಗುತ್ತದೆ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಸ್ಕ್ರೂ ತೆಗೆಯದೆ ತೆರೆಯದಂತಿರಬೇಕು, ಸುಲಭವಾಗಿ ಕೈಗೆಟಕುವ ಮುಖ್ಯ ಸ್ವಿಚ್ ಇರಬೇಕು, ಮತ್ತು ಚಿಕ್ಕವರು ಆಡುವಾಗ ಹಿರಿಯರು ಜೊತೆಯಲ್ಲಿರಬೇಕು. ಕಂಟ್ರೋಲರಿನಲ್ಲಿ ವೇಗ ಮತ್ತು ಬಲವನ್ನು ಅರ್ಧಕ್ಕೆ ಇಳಿಸುವ ಒಂದು ಸ್ವಿಚ್ಚನ್ನು ಸೇರಿಸುವುದು ಸುಲಭ. ಹೊಸದಾಗಿ ಕಲಿಯುವ ದೊಡ್ಡವರಿಗೂ ಅದು ಉಪಯೋಗಕ್ಕೆ ಬರುತ್ತದೆ.

ನಿಜವಾದ ಹೈಡ್ರಾಲಿಕ್ ವ್ಯವಸ್ಥೆಯನ್ನೇ ಹಾಕಬಹುದಲ್ಲವೇ?

ಚಿಕ್ಕ ಪಂಪು, ವಾಲ್ವು ಮತ್ತು ಸಿಲಿಂಡರುಗಳು ಹವ್ಯಾಸಿಗಳಿಗೆ ಸಿಗುತ್ತವೆ. ಆದರೆ ಅವು ಲೋಹದ ಮಾದರಿಗಳಿಗೆ ತಕ್ಕವು. ಪಂಪು, ಎಣ್ಣೆಯ ತೊಟ್ಟಿ, ಕೊಳವೆಗಳ ತೂಕವನ್ನೂ ಸಿಲಿಂಡರಿನ ಬಲವನ್ನೂ ಪ್ಲಾಸ್ಟಿಕ್ ಚೌಕಟ್ಟು ತಾಳುವುದಿಲ್ಲ.

ಮರಳು, ಮಣ್ಣಿನಲ್ಲಿ ಆಡಿದ ಮೇಲೆ ಏನು ಮಾಡಬೇಕು?

ಮರಳಿನ ಕಣ ಗ್ರೀಸಿಗೆ ಅಂಟಿದರೆ ನಟ್ಟನ್ನು ಅರದಂತೆ ಸವೆಸುತ್ತದೆ. ಸ್ಕ್ರೂ ಕೊಳವೆಯೊಳಗೆ ಮುಚ್ಚಿರುವಂತೆ ವಿನ್ಯಾಸ ಮಾಡಿ, ಕೊಳವೆಯ ಬಾಯಿಗೆ ಒಂದು ರಬ್ಬರ್ ಒ–ರಿಂಗ್ ಹಾಕಿದರೆ ಬಹುಪಾಲು ಧೂಳು ಹೊರಗೇ ಉಳಿಯುತ್ತದೆ. ಆಡಿದ ನಂತರ ಒಣ ಕುಂಚದಿಂದ ಕೀಲುಗಳನ್ನು ಸವರಿ, ತೋಳುಗಳನ್ನು ಪೂರ್ತಿ ಚಾಚಿ ಕಂಬಿಗಳನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಮಡಿಸಬೇಕು. ನೀರು ಹಾಕಿ ತೊಳೆಯಬಾರದು. ಚಲನೆಯ ಸದ್ದು ಮೊದಲಿಗಿಂತ ಗಡಸಾಗಿ ಕೇಳತೊಡಗಿದರೆ ಆಕ್ಚುಯೇಟರ್ ಬಿಚ್ಚಿ, ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ತೆಗೆದು, ಹೊಸದನ್ನು ತೆಳುವಾಗಿ ಹಚ್ಚಬೇಕು. ನಟ್ ಸ್ಕ್ರೂವಿನ ಮೇಲೆ ಕೈಯಿಂದ ಅಲುಗಿಸಿದಾಗ ಲೊಡಗುಟ್ಟುವಷ್ಟು ಸವೆದಿದ್ದರೆ ನಟ್ಟನ್ನು ಬದಲಿಸಿದರೆ ಸಾಕು, ಮೋಟಾರು ಹಾಗೆಯೇ ಮುಂದುವರಿಯಬಹುದು.